ಪಾದ ನೋಡಿಕೊಳ್ಳುವ ಹೊತ್ತು

"ಶುಗರ್ ಇದೆ ನಿಜ, ಆದರೆ ನನಗೇನೂ ತೊಂದರೆಯಿಲ್ಲ." ಮಧುಮೇಹ ಇರುವವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ಹಾಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಊಟ ಸೇರುತ್ತಿರುತ್ತದೆ, ನಿದ್ದೆ ಬರುತ್ತಿರುತ್ತದೆ, ದಿನದ ಕೆಲಸ ಎಲ್ಲೂ ನಿಂತಿರುವುದಿಲ್ಲ. ನನಗೂ ಈ ಕಾಯಿಲೆ ಇದೆ. ಅಮ್ಮನಿಗೆ ನನಗಿಂತ ಬಹಳ ಮೊದಲೇ ಬಂತು. ಅಣ್ಣ ಇನ್ಸುಲಿನ್ ತೆಗೆದುಕೊಳ್ಳುತ್ತಾನೆ. ಇಷ್ಟು ವರ್ಷ ಮೂವರ ಕಾಯಿಲೆಯನ್ನೂ ಹತ್ತಿರದಿಂದ ಕಂಡ ಮೇಲೆ ನನಗೆ ಮನದಟ್ಟಾಗಿರುವ ಸಂಗತಿ ಒಂದಿದೆ: ಮಧುಮೇಹದಲ್ಲಿ ಮೈಗೆ ಹೇಗನ್ನಿಸುತ್ತದೆ ಎಂಬುದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಏನಾದರೂ ಅನ್ನಿಸುವ ಮೊದಲೇ ನೋಡಬೇಕು, ಅಳೆಯಬೇಕು.

ಇದಕ್ಕೆ ಕಾರಣ ಕಾಯಿಲೆಯ ಲಕ್ಷಣಗಳು ಹುಟ್ಟುವ ರೀತಿಯಲ್ಲೇ ಇದೆ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ಇಳಿಯುವ ತೂಕ, ಸುಸ್ತು: ಇವು ಎಲ್ಲರಿಗೂ ಗೊತ್ತು. ಆದರೆ ಇವು ಯಾವಾಗ ಶುರುವಾಗುತ್ತವೆ? ರಕ್ತ ಸೋಸುವಾಗ ಮೂತ್ರಪಿಂಡಗಳು ಅದರಲ್ಲಿರುವ ಗ್ಲೂಕೋಸನ್ನು ವ್ಯರ್ಥವಾಗಲು ಬಿಡದೆ ಹಿಂದಕ್ಕೆ ಹೀರಿಕೊಳ್ಳುತ್ತವೆ. ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸುಮಾರು 180 ಮಿಲಿಗ್ರಾಂ ಸಕ್ಕರೆ ಇರುವವರೆಗೆ ಈ ಕೆಲಸ ಅವುಗಳಿಂದ ಸಾಧ್ಯ. ಅದನ್ನು ಮೀರಿದರೆ ಸಕ್ಕರೆ ಮೂತ್ರಕ್ಕೆ ಸೇರುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಬಾಯಾರಿಕೆ ಬರುವುದು ಆಗ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ತಲುಪಿದರೇ ಮಧುಮೇಹ ಎಂದು ವೈದ್ಯರು ಗುರುತಿಸುತ್ತಾರೆ. 126ಕ್ಕೂ 180ಕ್ಕೂ ನಡುವೆ ಎಷ್ಟು ಜಾಗವಿದೆ ನೋಡಿ. ಆ ಜಾಗದಲ್ಲಿ ಕಾಯಿಲೆ ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ವಯಸ್ಸಾದಂತೆ ಮೂತ್ರಪಿಂಡಗಳ ಈ ಮಿತಿ ಇನ್ನೂ ಮೇಲೇರುವುದುಂಟು, ಹಾಗಾಗಿ ಹಿರಿಯರಿಗೆ ಸಕ್ಕರೆ ಸಾಕಷ್ಟು ಏರಿದರೂ ಬಾಯಾರಿಕೆಯೇ ಆಗದಿರಬಹುದು. ವಯಸ್ಕರಲ್ಲಿ ಹೆಚ್ಚಾಗಿ ಕಾಣುವ ಎರಡನೇ ವಿಧದ (ಟೈಪ್ 2) ಮಧುಮೇಹ ಪತ್ತೆಯಾದ ದಿನವೇ ಕೆಲವರ ಕಣ್ಣಿನಲ್ಲೋ ನರಗಳಲ್ಲೋ ಹಾನಿ ಕಂಡುಬರುವುದು ಈ ಕಾರಣಕ್ಕೆ.

ಸಣ್ಣ ಸುಳಿವುಗಳು ಇರುತ್ತವೆ, ಆದರೆ ಅವಕ್ಕೆ ನಾವು ಬೇರೆ ಕಾರಣ ಕೊಟ್ಟುಬಿಡುತ್ತೇವೆ. ಕುತ್ತಿಗೆಯ ಹಿಂಭಾಗದಲ್ಲೋ ಕಂಕುಳಲ್ಲೋ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಕೊಳೆ ಎಂದು ಉಜ್ಜುತ್ತಾರೆ. ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸುತ್ತಿಲ್ಲ ಎಂಬುದರ ಗುರುತು ಅದು. ಗುಪ್ತಾಂಗದ ಸುತ್ತ ತುರಿಕೆ, ಮರುಕಳಿಸುವ ಶಿಲೀಂಧ್ರ ಸೋಂಕು, ಒಸಡಿನಲ್ಲಿ ರಕ್ತ, ಬೇಗ ಮಾಯದ ಗಾಯ, ಇವೆಲ್ಲ ಬೇರೆ ಬೇರೆ ವೈದ್ಯರ ಬಳಿಗೆ ಬಿಡಿಬಿಡಿಯಾಗಿ ಹೋಗುತ್ತವೆ. ದೃಷ್ಟಿ ಮಂಜಾದರೆ ಕನ್ನಡಕದಂಗಡಿಗೆ ಹೋಗುತ್ತೇವೆ. ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರ ಉಬ್ಬಿ ದೃಷ್ಟಿ ಬದಲಾಗುತ್ತದೆ. ಚಿಕಿತ್ಸೆ ಶುರುವಾಗಿ ಸಕ್ಕರೆ ಕೆಲವು ವಾರ ಒಂದು ಹದದಲ್ಲಿ ನಿಂತ ಮೇಲೆ ಕನ್ನಡಕದ ನಂಬರ್ ನೋಡಿಸುವುದು ಸರಿ.

ಮಕ್ಕಳ ವಿಷಯ ಮಾತ್ರ ಬೇರೆ. ದೇಹದಲ್ಲಿ ಇನ್ಸುಲಿನ್ನೇ ಬಹುತೇಕ ತಯಾರಾಗದ ಮೊದಲನೇ ವಿಧದ (ಟೈಪ್ 1) ಮಧುಮೇಹ ವರ್ಷಗಟ್ಟಲೆ ಕಾಯುವುದಿಲ್ಲ, ವಾರಗಳಲ್ಲೇ ಮಗುವನ್ನು ಹಿಡಿದುಬಿಡುತ್ತದೆ. ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ನಿಲ್ಲಿಸಿದ್ದ ಮಗು ಮತ್ತೆ ಶುರು ಮಾಡಿದರೆ, ನೀರಿಗಾಗಿ ಹಟ ಮಾಡಿದರೆ, ಸೊರಗಿದರೆ, ಅದೇ ದಿನ ಬೆರಳಿನ ರಕ್ತ ನೋಡಿಸಿ. ನಾಳೆ ನೋಡೋಣ ಎನ್ನುವುದು ಇಲ್ಲಿ ಸಲ್ಲದು.

ಇನ್ನು ಪಾದದ ಮಾತು. ನನಗೆ ಹೆಚ್ಚು ಹೇಳಬೇಕಿರುವುದು ಇದರ ಬಗ್ಗೆಯೇ.

ಅಮ್ಮನ ಪಾದ ಪರೀಕ್ಷೆ ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ವೈದ್ಯರ ಕೈಯಲ್ಲಿ ಒಂದು ಹಿಡಿಕೆ, ಅದರ ತುದಿಯಲ್ಲಿ ಗಟ್ಟಿಯಾದ ನೈಲಾನ್ ಎಳೆ. ಚರ್ಮಕ್ಕೆ ಒತ್ತಿದಾಗ ಅದು ಸರಿಯಾಗಿ 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. "ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ್ದು ತಿಳಿದಾಗಲೆಲ್ಲ ಹೂಂ ಅನ್ನಿ" ಎಂದರು. ಪಾದದ ಮೇಲ್ಭಾಗಕ್ಕೆ ಮುಟ್ಟಿಸಿದಾಗ ಅಮ್ಮ "ಹೂಂ" ಅಂದಳು. ಅಂಗಾಲಿನ ನಡುವೆ ಸ್ವಲ್ಪ ತಡೆದು "ಹೂಂ" ಅಂದಳು. ಆಮೇಲೆ ಹೆಬ್ಬೆರಳಿನ ಅಡಿ. ಎಳೆ ಬಾಗಿದ್ದು ನನಗೆ ಕಾಣುತ್ತಿತ್ತು. ಅಮ್ಮ ಸುಮ್ಮನಿದ್ದಳು. ಬೆರಳುಗಳ ಬುಡದಲ್ಲಿ ಒಂದೊಂದೇ ಕಡೆ ಎಳೆ ಬಾಗಿತು, ಎದ್ದಿತು. ಅಮ್ಮ ಇನ್ನೂ ಕಣ್ಣು ಮುಚ್ಚಿಯೇ ಕೇಳಿದಳು: "ಡಾಕ್ಟರೇ, ಯಾಕೆ ನಿಲ್ಲಿಸಿಬಿಟ್ಟಿರಿ?"

ವೈದ್ಯರು ಅಮ್ಮನ ಕೈಮೇಲೆ ಅದೇ ಎಳೆಯನ್ನು ಒತ್ತಿ ತೋರಿಸಿ, ಪಾದದಲ್ಲಿ ಇದೇ ಒತ್ತಡ ಏಕೆ ತಿಳಿಯಲಿಲ್ಲ ಎಂದು ನಿಧಾನವಾಗಿ ವಿವರಿಸಿದರು. ನರದ ಹಾನಿ ಸಾಮಾನ್ಯವಾಗಿ ಅತಿ ಉದ್ದದ ನರಗಳ ತುದಿಯಲ್ಲಿ, ಅಂದರೆ ಕಾಲ್ಬೆರಳುಗಳಲ್ಲಿ ಶುರುವಾಗಿ ಎರಡೂ ಕಾಲುಗಳಲ್ಲಿ ಮೇಲಕ್ಕೆ ಏರುತ್ತದೆ. ಕೆಲವರಿಗೆ ಅದು ಉರಿಯಾಗಿ, ಜುಮ್ಮೆನ್ನುವುದಾಗಿ, ರಾತ್ರಿ ಹೊದಿಕೆ ತಗುಲಿದರೂ ಸಹಿಸಲಾಗದ ನೋವಾಗಿ ಕಾಡುತ್ತದೆ. ಆ ನೋವಿಗೆ ಬೇರೆಯೇ ಔಷಧಿಗಳಿವೆ, ಹಲ್ಲು ಕಚ್ಚಿ ಸಹಿಸಬೇಕಿಲ್ಲ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಪಾದದ ಅರಿವು ತಾನಾಗಿ ಮಂಕಾಗುತ್ತಾ ಹೋಗುತ್ತದೆ, ಅಷ್ಟೇ. ಅಮ್ಮ ಈ ಎರಡನೆಯ ಗುಂಪಿನವಳು. ನನಗೆ ಹೆಚ್ಚು ಭಯವಾಗುವುದೂ ಈ ಗುಂಪಿನ ಬಗ್ಗೆಯೇ. ಉರಿ ಇರುವವರು ವೈದ್ಯರನ್ನು ಹುಡುಕಿಕೊಂಡು ಹೋಗುತ್ತಾರೆ. ಏನೂ ಅನ್ನಿಸದವರು ಪಾದರಕ್ಷೆಯೊಳಗೆ ಬಿದ್ದ ಕಲ್ಲಿನ ಮೇಲೆ ಇಡೀ ದಿನ ನಡೆದು ಸಂಜೆ ಕಾಲುಚೀಲದಲ್ಲಿ ರಕ್ತದ ಕಲೆ ನೋಡುತ್ತಾರೆ.

ಅರಿವಿಲ್ಲದ ಚರ್ಮ, ಕಿರಿದಾದ ರಕ್ತನಾಳ, ಸೋಂಕಿಗೆ ಅನುಕೂಲವಾದ ಸಕ್ಕರೆ, ಈ ಮೂರೂ ಒಂದು ಸಣ್ಣ ಗುಳ್ಳೆಯ ಸುತ್ತ ಸೇರಿದರೆ ಬೆರಳು ಅಥವಾ ಕಾಲೇ ಕಳೆದುಕೊಳ್ಳುವವರೆಗೆ ಹೋಗಬಹುದು. ತಡೆಯುವ ಉಪಾಯವಾದರೋ ತೀರ ಸರಳ: ದಿನಕ್ಕೊಮ್ಮೆ ಪಾದ ನೋಡಿಕೊಳ್ಳುವುದು. ನಾವು ರಾತ್ರಿ ಮಲಗುವ ಮುನ್ನ ನೋಡುತ್ತೇವೆ. ಅಮ್ಮನಿಗೆ ಬಗ್ಗಲಾಗದ್ದರಿಂದ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲನ್ನು ಅದರ ಮೇಲೆ ಹಿಡಿಯುತ್ತಾಳೆ. ಕಣ್ಣು ಮಂಜಾದ ದಿನ ನಾನು ನೋಡುತ್ತೇನೆ. ಬೆರಳ ಸಂದುಗಳನ್ನು ಬಿಡಿಸಿ ನೋಡಬೇಕು. ಅಲ್ಲಿ ತೇವ ನಿಂತರೆ ಚರ್ಮ ಬೆಳ್ಳಗಾಗಿ ಸೀಳುತ್ತದೆ, ಹಾಗಾಗಿ ಹಿಮ್ಮಡಿಗೆ ಹಚ್ಚುವ ಕ್ರೀಮನ್ನು ಸಂದಿಗೆ ಹಚ್ಚಬಾರದು. ಹಿಮ್ಮಡಿಯ ಬಿರುಕು, ಕೆಂಪು ಗುರುತು, ಆಣಿ, ಗಟ್ಟಿಯಾದ ಚರ್ಮ, ಯಾವುದನ್ನೂ ಹಗುರವಾಗಿ ನೋಡುವಂತಿಲ್ಲ. ಗಟ್ಟಿ ಚರ್ಮದ ಅಡಿಯಲ್ಲಿ ಹುಣ್ಣು ಅಡಗಿರಬಹುದು. ಬ್ಲೇಡಿನಿಂದ ಕೆತ್ತುವುದು, ಆಣಿಗೆಂದು ಸಿಗುವ ಆಮ್ಲದ ಪಟ್ಟಿ ಅಂಟಿಸುವುದು ಎರಡೂ ಅಪಾಯ. ಕಾಲು ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ಸುಟ್ಟುಕೊಂಡವರ ಗಾಯವನ್ನು ನಾನು ಕಂಡಿದ್ದೇನೆ. ಸುಡುತ್ತಿರುವುದು ಅವರಿಗೆ ತಿಳಿಯುವುದೇ ಇಲ್ಲ. ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಬೇಕು. ಪಾದರಕ್ಷೆ ಹಾಕುವ ಮುನ್ನ ಒಳಗೆ ಕೈಯಾಡಿಸಬೇಕು. ಮನೆಯೊಳಗೂ ಬರಿಗಾಲಿನಲ್ಲಿ ನಡೆಯದಿರುವುದು ಒಳ್ಳೆಯದು.

ಒಂದು ಲಕ್ಷಣವನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದನ್ನು ಉಳುಕು ಎಂದುಕೊಳ್ಳುವುದು ಬಹಳ ಸುಲಭ. ಒಂದು ಪಾದ ಮಾತ್ರ ಬಾತುಕೊಂಡು, ಕೆಂಪಾಗಿ, ಮುಟ್ಟಿದರೆ ಇನ್ನೊಂದಕ್ಕಿಂತ ಬಿಸಿಯಾಗಿದ್ದು, ಅಷ್ಟಾಗಿ ನೋಯದಿದ್ದರೆ ಅದು ಚಾರ್ಕೋ ಪಾದ ಇರಬಹುದು. ಅರಿವು ಕಳೆದುಕೊಂಡ ಪಾದದ ಮೂಳೆಗಳು ಒಳಗೊಳಗೇ ಮುರಿದು ಕುಸಿಯುವ ಸ್ಥಿತಿ ಅದು. ಆ ಕಾಲಿನ ಮೇಲೆ ಭಾರ ಹಾಕುವುದನ್ನು ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹುಣ್ಣು, ಕೀವು, ದುರ್ವಾಸನೆ, ಕಪ್ಪಾದ ಬೆರಳು ಕಂಡರೂ ಅಷ್ಟೇ, ಅದೇ ದಿನ ಹೋಗಬೇಕು.

ಅಂದಹಾಗೆ, ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಅದರಿಂದಲೂ ಪಾದ ಜುಮ್ಮೆನ್ನುತ್ತದೆ, ಮರಗಟ್ಟುತ್ತದೆ. ಎಲ್ಲವನ್ನೂ ಸಕ್ಕರೆಯ ಲೆಕ್ಕಕ್ಕೆ ಬರೆಯುವ ಮುನ್ನ ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ಅಣ್ಣನ ಕಥೆ ಇದಕ್ಕೆ ತಿರುಗುಮುರುಗು. ಅವನ ತೊಂದರೆ ಏರುವ ಸಕ್ಕರೆಗಿಂತ ಇಳಿಯುವ ಸಕ್ಕರೆಯದು. ಹೊಟ್ಟೆಯ ಒಂದೇ ಜಾಗಕ್ಕೆ ಇನ್ಸುಲಿನ್ ಚುಚ್ಚಿ ಚುಚ್ಚಿ ಅಲ್ಲಿ ಚರ್ಮದಡಿ ಕೊಬ್ಬು ಗಂಟುಕಟ್ಟಿತ್ತು. ಅಲ್ಲಿ ಚುಚ್ಚಿದರೆ ನೋವು ಕಡಿಮೆ, ಹಾಗಾಗಿ ಅದೇ ಜಾಗ ಅಭ್ಯಾಸವಾಗಿತ್ತು. ಆದರೆ ಗಂಟಿನೊಳಗೆ ಹೋದ ಇನ್ಸುಲಿನ್ ಒಮ್ಮೆ ನಿಧಾನವಾಗಿ, ಒಮ್ಮೆ ಬೇಗ ಹೀರಲ್ಪಡುತ್ತದೆ. ಸಕ್ಕರೆ ಇಳಿಯದೆ ಡೋಸ್ ಏರುತ್ತಾ ಹೋಗಿತ್ತು. ಒಂದು ದಿನ ಅವನು ಜಾಗ ಬದಲಿಸಿ ತೊಡೆಗೆ ಚುಚ್ಚಿಕೊಂಡ. ಡೋಸ್ ಹಳೆಯದೇ. ಆರೋಗ್ಯವಾದ ಚರ್ಮದಿಂದ ಇನ್ಸುಲಿನ್ ಪೂರ್ತಿ ರಕ್ತಕ್ಕೆ ಸೇರಿತು.

ಅವತ್ತು ಸಕ್ಕರೆ ಇಳಿದದ್ದನ್ನು ಗುರುತಿಸಿದವರು ಅತ್ತಿಗೆ. ಅಣ್ಣ ಯಾವುದೋ ಬಿಲ್ ಹಿಡಿದು ಅದೇ ಸಾಲನ್ನು ಮತ್ತೆ ಮತ್ತೆ ಕೂಡುತ್ತಿದ್ದ. ಅತ್ತಿಗೆ "ಒಂದು ಸಲ ಶುಗರ್ ನೋಡೋಣವೇ?" ಎಂದರೆ ರೇಗಿದ. "ನನಗೇನಾಗಿದೆ? ಸುಮ್ಮನಿರು" ಎಂದ. ಅವನು ಹಾಗೆ ರೇಗುವ ಮನುಷ್ಯನೇ ಅಲ್ಲ. ಹಣೆಯಲ್ಲಿ ಬೆವರು, ಬೆರಳುಗಳಲ್ಲಿ ಸಣ್ಣ ನಡುಕ. ಅತ್ತಿಗೆ ವಾದಕ್ಕೆ ನಿಲ್ಲದೆ ಸಕ್ಕರೆ ಕದಡಿದ ನೀರನ್ನು ಕೈಗೆ ಕೊಟ್ಟು ಕುಡಿಸಿದರು. ಆಮೇಲೆ ನೋಡಿದಾಗ ಗ್ಲುಕೋಮೀಟರ್ 50ರ ಆಸುಪಾಸು ತೋರಿಸಿತು. ಮಿದುಳು ನಡೆಯುವುದು ಮುಖ್ಯವಾಗಿ ಗ್ಲೂಕೋಸಿನಿಂದ. ಅದು ಕಡಿಮೆಯಾದಾಗ ವಿವೇಚನೆಯೇ ಮಂಕಾಗುತ್ತದೆ, ತನಗೆ ಏನೋ ಆಗುತ್ತಿದೆ ಎಂದು ತಿಳಿಯಬೇಕಾದ ಬುದ್ಧಿಯೇ ಕೈಕೊಡುತ್ತದೆ. ಆದ್ದರಿಂದ ಇದನ್ನು ಕಾಯಿಲೆ ಇರುವವರಿಗಿಂತ ಜೊತೆಗಿರುವವರು ಚೆನ್ನಾಗಿ ಕಲಿಯಬೇಕು ಎಂದು ನಾನು ನಂಬಿದ್ದೇನೆ. ಮನೆಯವರು, ಸಹೋದ್ಯೋಗಿಗಳು, ಮಗುವಾದರೆ ಶಾಲೆಯ ಶಿಕ್ಷಕರು.

ಕಲಿಯಬೇಕಾದ್ದು ಹೆಚ್ಚೇನಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೇಗ ರಕ್ತಕ್ಕೆ ಸೇರುವ 15 ಗ್ರಾಂ ಸಕ್ಕರೆ ಕೊಡಬೇಕು: ಗ್ಲೂಕೋಸ್ ಮಾತ್ರೆ, ಸಕ್ಕರೆ ನೀರು, ಹಣ್ಣಿನ ರಸ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡಮಾಡುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಬೇಕು. ಸರಿಯಾದ ಮೇಲೆ ಏನಾದರೂ ತಿನ್ನಿಸಬೇಕು. 54ಕ್ಕಿಂತ ಕೆಳಗೆ ಹೋದರೆ ಅದು ಗಂಭೀರ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸಕ್ಕರೆ ಏರಿಸುವ ಔಷಧಿ ಗ್ಲೂಕಗಾನ್ ಇದ್ದರೆ ಕೊಟ್ಟು, ಆಂಬ್ಯುಲೆನ್ಸ್ ಕರೆಯಬೇಕು. ಸಲ್ಫೋನಿಲ್‌ಯೂರಿಯಾ ಗುಂಪಿನ (ದೇಹ ಹೆಚ್ಚು ಇನ್ಸುಲಿನ್ ಸ್ರವಿಸುವಂತೆ ಮಾಡುವ) ಮಾತ್ರೆಗಳಿಂದ ಸಕ್ಕರೆ ಇಳಿದಿದ್ದರೆ ಅದು ಗಂಟೆಗಳ ಮೇಲೆ ಮತ್ತೆ ಇಳಿಯಬಹುದು, ಒಮ್ಮೆ ಸರಿಹೋಯಿತೆಂದು ನೆಮ್ಮದಿಯಾಗಿ ಮಲಗುವಂತಿಲ್ಲ. ಪದೇ ಪದೇ ಇಳಿಯುತ್ತಿದ್ದರೆ ಬೆವರು, ನಡುಕ, ಎದೆಬಡಿತ ಎಂಬ ಮುನ್ಸೂಚನೆಗಳೇ ಮಾಯವಾಗುತ್ತವೆ. ಕೆಲವು ವಾರ ಸಕ್ಕರೆ ಇಳಿಯದಂತೆ ಜೋಪಾನ ಮಾಡಿದರೆ ಆ ಸೂಚನೆಗಳು ಮರಳುವುದೂ ಉಂಟು. ಅಣ್ಣನಿಗೆ ಮರಳಿವೆ. ಈಗ ಅವನು ಚುಚ್ಚುವ ಜಾಗವನ್ನು ದಿನವೂ ಬದಲಿಸುತ್ತಾನೆ, ಡೋಸ್ ಕೂಡ ಕಡಿಮೆಯಾಗಿದೆ.

ಸಕ್ಕರೆ ತೀರ ಏರುವ ತುರ್ತುಸ್ಥಿತಿಯ ಬಗ್ಗೆ ನನಗೆ ಕಣ್ಣಾರೆ ಕಂಡ ಅನುಭವವಿಲ್ಲ. ಆದರೆ ಅದರ ಗುರುತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ಇನ್ಸುಲಿನ್ ಸಾಲದಾದಾಗ ದೇಹ ಕೊಬ್ಬನ್ನು ಕರಗಿಸುತ್ತದೆ, ಆಗ ಹುಟ್ಟುವ ಕೀಟೋನುಗಳೆಂಬ ಆಮ್ಲಗಳು ಸೇರಿ ರಕ್ತ ಆಮ್ಲೀಯವಾಗುತ್ತದೆ. ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಹಣ್ಣಿನ ವಾಸನೆ, ಆಳವಾದ ವೇಗದ ಉಸಿರಾಟ, ಮಂಪರು. ಹೊಟ್ಟೆ ಕೆಟ್ಟಿದೆ ಎಂದುಕೊಂಡು ಮನೆಯಲ್ಲೇ ಉಳಿದರೆ ಜೀವಕ್ಕೆ ಅಪಾಯ. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಕೊಡುವವರೆಗೆ ಇಂಥ ಮಕ್ಕಳನ್ನು ಉಳಿಸುವ ದಾರಿಯೇ ಇರಲಿಲ್ಲ. ಇಂದು ಇದೆ, ಸಮಯಕ್ಕೆ ಆಸ್ಪತ್ರೆ ತಲುಪಿದರೆ. ಜ್ವರ ಬಂದು ಊಟ ಸೇರದಿದ್ದಾಗ "ತಿಂದಿಲ್ಲವಲ್ಲ, ಇನ್ಸುಲಿನ್ ಯಾಕೆ" ಎಂದು ನಿಲ್ಲಿಸುವುದು ಈ ಸ್ಥಿತಿಗೆ ಒಂದು ದೊಡ್ಡ ದಾರಿ. ಏನೂ ತಿನ್ನದಿದ್ದರೂ ಜ್ವರ ಸಕ್ಕರೆಯನ್ನು ಏರಿಸುತ್ತದೆ. ಮೊದಲನೇ ವಿಧದವರು ದೀರ್ಘಾವಧಿಯ ಇನ್ಸುಲಿನ್ನನ್ನು ಎಂದೂ ನಿಲ್ಲಿಸಬಾರದು. ಇನ್ನೊಂದೆಡೆ, ವಾಂತಿ ಭೇದಿಯಿಂದ ನೀರಿನಂಶ ಕಳೆದುಕೊಂಡಾಗ ಮೆಟ್‌ಫಾರ್ಮಿನ್ ಮತ್ತು ಎಸ್‌ಜಿಎಲ್‌ಟಿ2 ಗುಂಪಿನ (ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುವ) ಮಾತ್ರೆಗಳನ್ನು ವೈದ್ಯರು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಬಹುದು. ಈ ಎರಡನೆಯ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಷ್ಟೇನೂ ಏರದೆಯೇ ರಕ್ತ ಆಮ್ಲೀಯವಾಗುವುದುಂಟು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ಆರೋಗ್ಯವಾಗಿರುವಾಗಲೇ ವೈದ್ಯರಿಂದ ಬರೆಸಿಟ್ಟುಕೊಳ್ಳಿ. ಜ್ವರದಲ್ಲಿ ಮಲಗಿ ಯೋಚಿಸುವ ವಿಷಯ ಇದಲ್ಲ.

ಕಣ್ಣು, ಮೂತ್ರಪಿಂಡ ಎರಡೂ ಮೌನವಾಗಿ ಕೆಡುವ ಅಂಗಗಳು. ಅಕ್ಷಿಪಟಲದ ರಕ್ತನಾಳಗಳು ಸೋರುತ್ತಿದ್ದರೂ ಅಕ್ಷರಗಳು ಸ್ಪಷ್ಟವಾಗಿಯೇ ಕಾಣಬಹುದು. ಎರಡನೇ ವಿಧದವರು ಕಾಯಿಲೆ ಪತ್ತೆಯಾದಾಗಲೇ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಹುಕಾಲ ಏರಿದ್ದ ಸಕ್ಕರೆಯನ್ನು ಒಮ್ಮೆಗೇ ಇಳಿಸಿದಾಗ ಕಣ್ಣಿನ ತೊಂದರೆ ತಾತ್ಕಾಲಿಕವಾಗಿ ಹೆಚ್ಚುವುದುಂಟು, ಅಂಥವರು ಮೊದಲೇ ಕಣ್ಣು ತೋರಿಸಬೇಕು. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲಿದರೆ, ಪರದೆ ಇಳಿದಂತಾದರೆ ಕಾಯಬಾರದು. ಮೂತ್ರಪಿಂಡಕ್ಕೆ ವರ್ಷಕ್ಕೊಮ್ಮೆ ಎರಡು ಪರೀಕ್ಷೆ: ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಪ್ರಮಾಣ, ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣ. ಕ್ರಿಯಾಟಿನಿನ್ ಸರಿಯಿದೆ ಎಂದು ಮೂತ್ರ ಪರೀಕ್ಷೆ ಬಿಡುವವರು ಬಹಳ. ಅನೇಕರಲ್ಲಿ ಮೊದಲ ಸುಳಿವು ಮೂತ್ರದಲ್ಲೇ ಸಿಗುತ್ತದೆ, ಆ ಹಂತದಲ್ಲಿ ಔಷಧಿಯಿಂದ ಹಾನಿಯ ವೇಗ ತಗ್ಗಿಸಬಹುದು.

ಇಷ್ಟೆಲ್ಲ ಕಷ್ಟಪಟ್ಟರೆ ಫಲವುಂಟೇ ಎಂದು ಕೇಳುವವರಿಗೆ ಎರಡು ದೊಡ್ಡ ಅಧ್ಯಯನಗಳು ಉತ್ತರ ಕೊಟ್ಟಿವೆ. 1993ರಲ್ಲಿ ಪ್ರಕಟವಾದ ಅಮೆರಿಕ ಮತ್ತು ಕೆನಡಾದ ಅಧ್ಯಯನದಲ್ಲಿ, ಮೊದಲನೇ ವಿಧದ ಮಧುಮೇಹವಿದ್ದು ಕಣ್ಣು ಇನ್ನೂ ಕೆಡದಿದ್ದವರು ಬಿಗಿಯಾಗಿ ಸಕ್ಕರೆ ನಿಯಂತ್ರಿಸಿದಾಗ ಅಕ್ಷಿಪಟಲದ ತೊಂದರೆಯ ಅಪಾಯ ಶೇ 76ರಷ್ಟು ಇಳಿಯಿತು. 1998ರಲ್ಲಿ ಬಂದ ಬ್ರಿಟನ್ನಿನ ಅಧ್ಯಯನ ಎರಡನೇ ವಿಧದವರದು. ಅಲ್ಲಿ ಸಣ್ಣ ರಕ್ತನಾಳಗಳ ತೊಂದರೆಗಳು ಶೇ 25ರಷ್ಟು ಕಡಿಮೆಯಾದವು. ನನಗೆ ಹೆಚ್ಚು ಧೈರ್ಯ ಕೊಟ್ಟಿದ್ದು ಅದರ ಮುಂದಿನ ಭಾಗ: ಅಧ್ಯಯನ ಮುಗಿದ ಮೇಲೆ ಬಿಗಿಯಾಗಿ ನಿಯಂತ್ರಿಸಿದವರು, ಸಾಮಾನ್ಯ ಚಿಕಿತ್ಸೆ ಪಡೆದವರು ಎಂಬ ಎರಡೂ ಗುಂಪುಗಳ ಸಕ್ಕರೆ ಒಂದೇ ಮಟ್ಟಕ್ಕೆ ಬಂದರೂ, ಮೊದಲು ಚೆನ್ನಾಗಿ ನಿಯಂತ್ರಿಸಿದವರಿಗೆ ಅದರ ಲಾಭ 10 ವರ್ಷದ ಮೇಲೂ ಉಳಿದಿತ್ತು.

ಹೃದಯದ ವಿಷಯದಲ್ಲಿ ಒಂದೇ ಎಚ್ಚರಿಕೆ. ಮಧುಮೇಹಿಗಳಿಗೆ ಎದೆನೋವಿಲ್ಲದೆಯೂ ಹೃದಯಾಘಾತ ಆಗಬಹುದು. ಕಾರಣವಿಲ್ಲದ ಬೆವರು, ಉಸಿರುಗಟ್ಟುವಿಕೆ, ವಾಕರಿಕೆ, ಹಿಂದೆಂದೂ ಇಲ್ಲದ ಸುಸ್ತು ಬಂದರೆ ಸಕ್ಕರೆ ನೋಡಿ; ಸಕ್ಕರೆ ಸರಿಯಿದ್ದರೆ ನಿರಾಳವಾಗದೆ ಆಸ್ಪತ್ರೆಗೆ ಹೊರಡಿ. ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನ ಇವು ಮೂರೂ ಸಕ್ಕರೆಯಷ್ಟೇ ಮುಖ್ಯ.

ಸಂಖ್ಯೆಗಳನ್ನು ಇಷ್ಟು ಹೇಳಿದ ಮೇಲೆ ಅವುಗಳ ಮಿತಿಯನ್ನೂ ಹೇಳಬೇಕು. ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ತೋರಿಸುವುದು ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ. ಒಮ್ಮೆ 280ಕ್ಕೆ ಏರಿ ಒಮ್ಮೆ 50ಕ್ಕೆ ಬೀಳುವವರ ಸರಾಸರಿಯೂ ಅಂದವಾಗಿಯೇ ಕಾಣಬಹುದು. ರಕ್ತಹೀನತೆ ಇದ್ದರೆ ಆ ಅಂಕಿಯೇ ದಾರಿ ತಪ್ಪಿಸಬಹುದು. ಹಣ್ಣು ಹೆಚ್ಚಿದ ಕೈ ತೊಳೆಯದೆ ಬೆರಳು ಚುಚ್ಚಿದರೆ ಗ್ಲುಕೋಮೀಟರ್ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ತೋರಿಸುತ್ತದೆ. ಇನ್ನು, ಅಂಕಿ ಏರಿದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ "ಏನು ತಿಂದೆ?" ಎಂದು. ನಿದ್ದೆಗೇಡು, ಸೋಂಕು, ಸ್ಟಿರಾಯ್ಡ್ ಔಷಧಿ, ಮನಸ್ಸಿನ ಒತ್ತಡ, ಮುಂಜಾವಿನಲ್ಲಿ ದೇಹವೇ ಹೊರಬಿಡುವ ಹಾರ್ಮೋನುಗಳು, ಇಷ್ಟೆಲ್ಲ ಕಾರಣಗಳಿರುವಾಗ ಆ ಪ್ರಶ್ನೆ ಮನಸ್ಸಿಗೆ ಚುಚ್ಚುತ್ತದೆ. ಹಾಗೆ ಕೇಳಿಸಿಕೊಂಡವರು ಕ್ರಮೇಣ ಸಕ್ಕರೆ ನೋಡುವುದನ್ನೇ ಬಿಡುತ್ತಾರೆ. ಈ ಕಾಯಿಲೆ ದಿನವೂ ಕೇಳುವ ಗಮನದಿಂದ ಮನಸ್ಸು ದಣಿಯುತ್ತದೆ. ಆ ದಣಿವನ್ನೂ ವೈದ್ಯರಿಗೆ ಹೇಳಿಕೊಳ್ಳಬೇಕು, ಅದಕ್ಕೂ ನೆರವು ಸಿಗುತ್ತದೆ.

ಗುರಿಯೂ ಎಲ್ಲರಿಗೂ ಒಂದೇ ಅಲ್ಲ. ಅನೇಕ ವಯಸ್ಕರಿಗೆ ಎಚ್‌ಬಿಎ1ಸಿ ಶೇ 7ರೊಳಗೆ ಇರಲಿ ಎನ್ನುತ್ತಾರೆ. ನನಗೂ ಅದೇ ಗುರಿ. ಅಮ್ಮನ ವಯಸ್ಸಿನಲ್ಲಿ, ಬೇರೆ ಕಾಯಿಲೆಗಳೂ ಇರುವಾಗ, ಸಕ್ಕರೆ ಇಳಿದು ಬಿದ್ದು ಮೂಳೆ ಮುರಿಯುವ ಅಪಾಯವೇ ದೊಡ್ಡದು. ಕಳೆದ ಭೇಟಿಯಲ್ಲಿ ವೈದ್ಯರು ಅಮ್ಮನ ಗುರಿಯನ್ನು ಶೇ 8ಕ್ಕೆ ಸಡಿಲಿಸಿ, ಸಲ್ಫೋನಿಲ್‌ಯೂರಿಯಾ ಮಾತ್ರೆಯನ್ನು ಚೀಟಿಯಿಂದ ಹೊಡೆದುಹಾಕಿದರು. ತನ್ನನ್ನು ಕೈಬಿಟ್ಟರೇನೋ ಎಂದು ಅಮ್ಮನಿಗೆ ಅಳುಕು. ವೈದ್ಯರು ಕುರ್ಚಿ ಹತ್ತಿರ ಎಳೆದುಕೊಂಡು, ಮಾತ್ರೆ ಯಾಕೆ ಕಡಿಮೆ ಮಾಡಿದೆನೆಂದು ಅಮ್ಮನಿಗೇ ನೇರವಾಗಿ ವಿವರಿಸಿದರು. ಮುಂದಿನ ಪರೀಕ್ಷೆ ಮೂರು ತಿಂಗಳಿಗೆ. ಅಲ್ಲಿಯವರೆಗೆ ಬೆಳಗಿನ ಅಂಕಿಗಳನ್ನು ಬರೆದಿಡುವ ಕೆಲಸವನ್ನು ಅಮ್ಮ ತಾನೇ ಮಾಡುತ್ತೇನೆಂದು ಒಪ್ಪಿಕೊಂಡಿದ್ದಾಳೆ.